ಶಾಲೆಯ ಅಂಗಳದಲ್ಲಿ ಘ್ರಾಣಶ್ವಾನ

ಅಪರಾಧಶೋಧನೆಗೆ ನಾಯಿಯ ಘ್ರಾಣಶಕ್ತಿಯನ್ನು ಬಳಸಿಕೊಳ್ಳುವ ಪದ್ಧತಿ ಹಳೆಯದು. ಆದರೆ ಅಮೆರಿಕದ ಸುಂಕದ ಇಲಾಖೆಯು ಮಾದಕವಸ್ತುಗಳ ಪತ್ತೆಗೆಂದು ವ್ಯವಸ್ಥಿತವಾದ ಶ್ವಾನದಳವನ್ನು ಕಟ್ಟಿದುದು 1970ರಲ್ಲಿ. ಗಡಿಠಾಣೆಗಳಿಗಾಗಿ ಸಿದ್ಧಗೊಂಡ ಈ ಸಾಧನವು ಹತ್ತು ವರ್ಷಗಳು ತುಂಬುವ ಮೊದಲೇ ಪ್ರೌಢಶಾಲೆಗಳನ್ನು ಹೊಕ್ಕಿತು. ಗಡಿಯನ್ನು ದಾಟುವ ಪ್ರಯಾಣಿಕನಿಗೂ ಪಾಠಕ್ಕೆ ಕುಳಿತ ವಿದ್ಯಾರ್ಥಿಗೂ ಇರುವ ಅಂತರವನ್ನು ನ್ಯಾಯಾಲಯಗಳು ಹೇಗೆ ಗುರುತಿಸಿದುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1979ರ ಮಾರ್ಚ್ 23ರಂದು ಇಂಡಿಯಾನಾ ಸಂಸ್ಥಾನದ ಹೈಲ್ಯಾಂಡ್ ಪಟ್ಟಣದ ಶಾಲೆಗಳಲ್ಲಿ ಸಾಮೂಹಿಕ ತಪಾಸಣೆ ನಡೆಯಿತು. ವಿದ್ಯಾರ್ಥಿಗಳು ಮೇಜಿನ ಮೇಲೆ ಕೈಗಳನ್ನಿರಿಸಿ ಕುಳಿತಿರಲು, ನಾಯಿಗಳು ಸಾಲುಸಾಲಾಗಿ ಮೂಸುತ್ತ ಸಾಗಿದುವು. ಹದಿಮೂರು ವರ್ಷದ ಒಬ್ಬ ಬಾಲಕಿಯ ಬಳಿ ನಾಯಿಯು ಸೂಚನೆಯಿತ್ತಿತು. ಆಕೆಯ ಉಡುಪನ್ನು ಕಳಚಿಸಿ ಶೋಧಿಸಿದರೂ ಏನೂ ದೊರೆಯಲಿಲ್ಲ. ಅಂದು ಬೆಳಗ್ಗೆ ಆಕೆ ಬೆದೆಗೆ ಬಂದಿದ್ದ ತನ್ನ ಸಾಕುನಾಯಿಯೊಡನೆ ಆಡಿದ್ದಳೆಂಬುದು ಅನಂತರ ತಿಳಿದುಬಂದಿತು. ನಾಯಿಯು ಮೂಸುವುದು ಶೋಧನೆಯೇ ಅಲ್ಲವೆಂದು ನ್ಯಾಯಾಲಯವು ತೀರ್ಪಿತ್ತಿತು. ಉಡುಪು ಕಳಚಿಸಿದುದನ್ನು ಮಾತ್ರ ಖಂಡಿಸಿತು. 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮೊಕದ್ದಮೆಯನ್ನು ವಿಚಾರಣೆಗೆ ಅಂಗೀಕರಿಸಲಿಲ್ಲ. ನ್ಯಾಯಮೂರ್ತಿ ಬ್ರೆನ್ನನ್ ಒಬ್ಬರು ಭಿನ್ನಮತವನ್ನು ಬರೆದರು.

ಮರುವರ್ಷ, 1982ರಲ್ಲಿ, ಟೆಕ್ಸಾಸಿನ ಗೂಸ್ ಕ್ರೀಕ್ ಶಾಲಾಮಂಡಲದ ಮೊಕದ್ದಮೆಯಲ್ಲಿ ಬೇರೊಂದು ಮೇಲ್ಮನವಿ ನ್ಯಾಯಾಲಯವು ಭಿನ್ನ ನಿರ್ಣಯಕ್ಕೆ ಬಂದಿತು. ಅಲ್ಲಿ ನಾಯಿಯ ಸೂಚನೆಯಂತೆ ಒಬ್ಬ ವಿದ್ಯಾರ್ಥಿನಿಯ ಕೈಚೀಲವನ್ನು ಶೋಧಿಸಿದಾಗ ಸಿಕ್ಕಿದುದು ಸುಗಂಧದ್ರವ್ಯದ ಸಣ್ಣ ಶೀಸೆ. ಕಪಾಟುಗಳನ್ನೂ ವಾಹನಗಳನ್ನೂ ಮೂಸುವುದು ಶೋಧನೆಯಲ್ಲ. ಆದರೆ ವಿದ್ಯಾರ್ಥಿಯ ಮೈಯನ್ನು ಮೂಸುವುದು ಶೋಧನೆಯೇ ಸರಿ, ಅದಕ್ಕೆ ಆ ವ್ಯಕ್ತಿಯ ಮೇಲೆಯೇ ಸಕಾರಣವಾದ ಸಂದೇಹವಿರಬೇಕೆಂದು ತೀರ್ಪಾಯಿತು.

ಕೆನಡಾದ ನಿದರ್ಶನವು ಇನ್ನೂ ವಿಚಾರಾರ್ಹವಾದುದು. 2002ರ ನವೆಂಬರ್ 7ರಂದು ಆಂಟೇರಿಯೋ ಪ್ರಾಂತದ ಸಾರ್ನಿಯಾ ಪಟ್ಟಣದ ಪ್ರೌಢಶಾಲೆಗೆ ಪೊಲೀಸರು ನಾಯಿಯೊಡನೆ ಬಂದರು. ನಿರ್ದಿಷ್ಟ ಮಾಹಿತಿ ಯಾವುದೂ ಇರಲಿಲ್ಲ. ಬೇಕಾದಾಗ ಬರಬಹುದೆಂದು ಮುಖ್ಯೋಪಾಧ್ಯಾಯರು ಮೊದಲೇ ಆಹ್ವಾನವಿತ್ತಿದ್ದರು. ವ್ಯಾಯಾಮಶಾಲೆಯಲ್ಲಿದ್ದ ಒಂದು ಬೆನ್ನುಚೀಲದಲ್ಲಿ ಗಾಂಜಾವೂ ಮಾದಕ ಅಣಬೆಗಳೂ ದೊರೆತುವು. ನಾಯಿಯ ಸೂಚನೆ ಸುಳ್ಳಾಗಿರಲಿಲ್ಲ. ಆದರೂ 2008ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಆ ಸಾಕ್ಷ್ಯವನ್ನು ಬಹುಮತದಿಂದ ತಿರಸ್ಕರಿಸಿತು.

ಈ ಮೂರು ನಿದರ್ಶನಗಳನ್ನು ಜೊತೆಯಲ್ಲಿಟ್ಟು ನೋಡಿದರೆ ವಿವಾದದ ತಿರುಳು ಸ್ಪಷ್ಟವಾಗುತ್ತದೆ. ನಾಯಿಯು ತಪ್ಪುವುದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಸಾರ್ನಿಯಾದಲ್ಲಿ ಅದು ತಪ್ಪಲಿಲ್ಲ. ನಾಯಿಯು ಬರುವುದಕ್ಕೆ ಮುನ್ನವೇ ಸಂದೇಹಕ್ಕೆ ಆಧಾರವಿತ್ತೇ ಎಂಬುದೇ ಪ್ರಶ್ನೆ. ಶಾಲಾಧಿಕಾರಿಗಳ ವಾದಕ್ಕೂ ಬಲವುಂಟು: ಮಕ್ಕಳನ್ನು ವ್ಯಸನದಿಂದ ಕಾಪಾಡುವ ಹೊಣೆ ಅವರದು, ಮತ್ತು ಅಪರಾಧವನ್ನು ಹಿಡಿಯುವುದಕ್ಕಿಂತ ತಡೆಯುವುದು ಲೇಸು. ಆದರೆ ನಾಯಿಯನ್ನು ಕಂಡು ಹುಟ್ಟುವ ಭಯವು ಫಲಿಸಬೇಕಾದರೆ ಎಲ್ಲ ವಿದ್ಯಾರ್ಥಿಗಳೂ ಸಮಾನವಾಗಿ ಅಂಜಬೇಕು. ಸಕಾರಣ ಸಂದೇಹದ ತತ್ತ್ವವಾದರೋ ಒಬ್ಬೊಬ್ಬನನ್ನೂ ಬೇರೆಯಾಗಿ ತೂಗಬೇಕೆನ್ನುತ್ತದೆ. ಇವೆರಡೂ ಒಂದೇ ತರಗತಿಯಲ್ಲಿ ಕೂಡಿ ಇರಲಾರವು.

ಶಾಲೆಯು ಪೌರಧರ್ಮವನ್ನು ಪಾಠದಿಂದ ಮಾತ್ರವಲ್ಲದೆ ತನ್ನ ನಡವಳಿಕೆಯಿಂದಲೂ ಕಲಿಸುತ್ತದೆ. ನಿರಪರಾಧಿಯೂ ಕೈಗಳನ್ನು ಮೇಜಿನ ಮೇಲಿರಿಸಿ ಕಾಯಬೇಕಾದ ಆ ಗಳಿಗೆಯಲ್ಲಿ ಆತನು ರಾಜ್ಯದ ಬಗ್ಗೆ ಏನನ್ನು ಕಲಿಯುತ್ತಾನೆಂಬುದು ಅಧ್ಯಾಪಕರೆಲ್ಲರೂ ಆಲೋಚಿಸತಕ್ಕ ವಿಷಯ.