ದಳ: ಎಲೆಯಿಂದ ಪಡೆಗೆ, ಪಡೆಯಿಂದ ಸೇವೆಗೆ

ಕಾಫಿ ಬೀಜ ಮೊಳೆತು ಮೇಲೇಳುವಾಗ ತನ್ನ ಹೊಟ್ಟನ್ನು ತಲೆಯ ಮೇಲೆ ಹೊತ್ತೇ ಬರುತ್ತದೆ. ನರ್ಸರಿಯವರು ಇದನ್ನು ಟೋಪಿ ಹಂತ ಎನ್ನುತ್ತಾರೆ. ಆಮೇಲೆ ಟೋಪಿ ಬಿರಿದು ಎರಡು ದುಂಡನೆಯ ಎಲೆಗಳು ಬಿಚ್ಚಿಕೊಳ್ಳುತ್ತವೆ. ವಿಜ್ಞಾನದ ಪಾಠದಲ್ಲಿ ಅವು ಬೀಜದಳ. ಮೂಡಿಗೆರೆ, ಕಳಸದ ಕಡೆಯ ಶಾಲೆಯೊಂದರಲ್ಲಿ ಈ ಪಾಠ ಮುಗಿಸಿ ಬಿಳಿ ಟೋಪಿ ತೊಟ್ಟು ಅಂಗಳದಲ್ಲಿ ಸಾಲುಗಟ್ಟುವ ಮಕ್ಕಳೂ ಒಂದು ದಳವೇ, ಸೇವಾದಳ.

ಸಂಸ್ಕೃತದ ‘ದಲ್’ ಧಾತುವಿಗೆ ಬಿರಿಯುವುದು, ಸೀಳುವುದು ಎಂದರ್ಥ. ಬಿರಿದ ಹೂವಿನ ಎಸಳು ದಲ, ಕೊಂಬೆಯಿಂದ ಒಡೆದ ಎಲೆ ದಲ. ತುಳಿತಕ್ಕೊಳಗಾದವರ ಆತ್ಮಗೌರವದ ಹೆಸರಾದ ‘ದಲಿತ’ವೂ ಈ ಧಾತುವಿನದೇ. ಕನ್ನಡದ ಬಾಯಲ್ಲಿ ಲಕಾರ ಳಕಾರವಾಗಿ ತುಳಸೀದಳ, ಬಿಲ್ವದಳಗಳಾದವು.

ಎಲೆ ಪಡೆಯಾದ ಬಗೆ ಊಹಿಸಲು ಕಷ್ಟವಲ್ಲ. ಸೇನೆಯಿಂದ ಬೇರ್ಪಡಿಸಿ ಕಳಿಸಿದ ತುಂಡೂ ದಳ. ಕ್ರಮೇಣ ಇಡೀ ಸೇನೆಗೇ ಆ ಹೆಸರು ಅಂಟಿತು. ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ದಳವೆಂದರೆ ಸೈನ್ಯವೇ. ದಳಪತಿ, ದಳವಾಯಿ ಆಗ ಅಧಿಕಾರದ ಹೆಸರುಗಳು. 18ನೇ ಶತಮಾನದ ಮೈಸೂರಿನಲ್ಲಂತೂ ಅರಸರು ಹೆಸರಿಗಷ್ಟೇ ಉಳಿದು ಆಳ್ವಿಕೆ ಕಳಲೆಯ ದಳವಾಯಿಗಳ ಕೈಯಲ್ಲಿತ್ತು. ನಮ್ಮ ಜಿಲ್ಲೆಯ ಹಳೆಯ ಮಾತು ಬೇರೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ ಎದ್ದ ಹೊಯ್ಸಳರ ಸೇನಾಪತಿ ದಂಡನಾಯಕ. 1196ರಲ್ಲಿ ತರೀಕೆರೆ ಬಳಿಯ ಅಮೃತಪುರದ ದೇಗುಲ ಕಟ್ಟಿಸಿದ ಅಮಿತಯ್ಯನೂ ದಂಡನಾಯಕನೇ. ದಂಡದೊಳಗೆ ಕೋಲಿದೆ, ಶಿಕ್ಷೆಯಿದೆ. ದಳದೊಳಗೆ ಅದಿಲ್ಲ, ಮಕ್ಕಳ ಗುಂಪಿಗೆ ಈ ಪದವೇ ಬಂದದ್ದು ನನಗೆ ಸಮಾಧಾನದ ಸಂಗತಿ.

ಪದದ ದಿಕ್ಕು ತಿರುಗಿದ್ದು 1923ರಲ್ಲಿ, ಹುಬ್ಬಳ್ಳಿಯ ನಾ.ಸು. ಹರ್ಡೀಕರರಿಂದ. ಧಾರವಾಡದಲ್ಲಿ ಹುಟ್ಟಿ, ವೈದ್ಯಕೀಯ ಓದಿ, ಅಮೆರಿಕದಲ್ಲಿ ಲಾಲಾ ಲಜಪತರಾಯರೊಂದಿಗೆ ದುಡಿದು ಬಂದವರು ಅವರು. ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ದುಡಿದರು. ಕವಾಯತು, ಸಮವಸ್ತ್ರ, ಶಿಸ್ತು ಎಲ್ಲವೂ ಸೈನ್ಯದ್ದೇ, ಕೈಯಲ್ಲಿ ಆಯುಧ ಮಾತ್ರ ಇಲ್ಲ. ದಳಕ್ಕೆ ಮೊದಲು ‘ಸೇವಾ’ ಸೇರಿಸಿದ್ದರಿಂದ ಶತಮಾನಗಳ ಯುದ್ಧದ ಅರ್ಥ ಹಿಂದೆ ಸರಿಯಿತು. ಇಂದು ಶಾಲೆಗಳಲ್ಲಿರುವ ಭಾರತ ಸೇವಾದಳ ಆ ಪರಂಪರೆಯದೇ. 1909ರಲ್ಲೇ ಬೆಂಗಳೂರಿಗೆ ಕಾಲಿಟ್ಟ ಸ್ಕೌಟ್ ಚಳವಳಿಯೂ ದಳ ಎಂಬ ಮಾತನ್ನು ಒಪ್ಪಿಕೊಂಡಿತು. 1948ರ ಎನ್‌ಸಿಸಿ ‘ರಾಷ್ಟ್ರೀಯ ಕೆಡೆಟ್ ದಳ’ವಾಯಿತು.

ಸೇವಾದಳದ ಮಕ್ಕಳು ಧ್ವಜ ಮಡಿಸುವುದನ್ನು ಹತ್ತಿರದಿಂದ ನೋಡಬೇಕು. ಒಬ್ಬರು ಮಡಿಕೆ ಹಿಡಿದರೆ ಇನ್ನೊಬ್ಬರು ಹೂವಿನ ದಳಗಳನ್ನು ಒಳಗಿಡುತ್ತಾರೆ, ಮೂರನೆಯವರು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಗಂಟು ಹಾಕುತ್ತಾರೆ. ಗಂಟು ಬಿಗಿಯಾದರೆ ಧ್ವಜ ಬಿಚ್ಚದು, ಸಡಿಲವಾದರೆ ಅರ್ಧದಲ್ಲೇ ಬಿಚ್ಚೀತು. ಮಳೆ ಸುರಿಯುವ ನಮ್ಮ ಆಗಸ್ಟ್ 15ರಂದು ಒದ್ದೆ ಹಗ್ಗದಲ್ಲಿ ಇದು ಇನ್ನೂ ಕಠಿಣ. ಹೊಣೆ ಎಂದರೇನೆಂದು ಭಾಷಣಕ್ಕಿಂತ ಆ ಗಂಟೇ ಚೆನ್ನಾಗಿ ಕಲಿಸುತ್ತದೆ.

ಆದರೆ ಎಷ್ಟೋ ಕಡೆ ದಳವೆಂದರೆ ಪಥಸಂಚಲನ ಮಾತ್ರ ಆಗಿಬಿಟ್ಟಿದೆ; ಸೇವೆ ಕೈಬಿಟ್ಟುಹೋಗುತ್ತಿದೆ. ಇನ್ನೊಂದು ಕೊರತೆಯೂ ಇದೆ. ಎತ್ತರದ, ಗಟ್ಟಿದನಿಯ ಹುಡುಗನೇ ವರ್ಷವಿಡೀ ದಳನಾಯಕ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕೂಲಿ ಕುಟುಂಬಗಳಿವೆ. ಆ ಮಕ್ಕಳಿಗೆ ಕನ್ನಡ ಪಾಠ ತೊಡಕಾದರೂ ‘ಸಾವಧಾನ್’, ‘ವಿಶ್ರಾಮ್’ ಬೇಗ ಗೊತ್ತಾಗುತ್ತದೆ. ನಾಯಕತ್ವದ ಸರದಿ ಅವರಿಗೂ ಬರಲಿ. ಸಾಲಿನ ಮುಂದೆ ನಿಂತು ಆಜ್ಞೆ ಕೊಟ್ಟ ಮಗು ಮರುದಿನ ತರಗತಿಯಲ್ಲಿ ಹಿಂದಿನ ಬೆಂಚಿಗೇ ಹೋಗಿ ಕೂರುವುದಿಲ್ಲ.