ಮನೆತನದ ರೋಗವೂ ಮದ್ದಿನ ವಿವೇಕವೂ

ಕೈಮಗ್ಗದ ಮುಂದೆ ಕುಳಿತವನ ಕೈ, ಕಾಲು, ಕಣ್ಣು ಮೂರೂ ಒಂದೇ ಲಯದಲ್ಲಿ ನಡೆದರೆ ಮಾತ್ರ ಬಟ್ಟೆ ನೆಟ್ಟಗೆ ಬರುತ್ತದೆಂಬುದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಹದಲ್ಲಿ ಈ ಲಯವನ್ನು ಕಾಯುವುದು ಕಿರುಮೆದುಳು ಮತ್ತು ಅದರ ನರಗಳು. ಅವು ಕ್ಷೀಣಿಸಿದಾಗ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಹಿಡಿದ ಲೋಟ ತುಳುಕುತ್ತದೆ. ವೈದ್ಯಶಾಸ್ತ್ರವು ಇದನ್ನು ಅಟಾಕ್ಸಿಯಾ ಎಂದು ಕರೆಯುತ್ತದೆ. ಮದ್ಯವನ್ನು ಮುಟ್ಟದವನನ್ನೂ ನೋಡುವವರು ಕುಡುಕನೆಂದು ಶಂಕಿಸುವರು. ಮನೆಯವರು ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವರು. ಈ ಮುಚ್ಚುಮರೆ ರೋಗಿಯ ಪ್ರಾಣಕ್ಕೇ ಎರವಾಗಬಲ್ಲದು ಎಂಬುದಕ್ಕೆ ಈ ರೋಗದ ಇತಿಹಾಸವೇ ಸಾಕ್ಷಿ.

1863ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವೈದ್ಯ ನಿಕೊಲಾಸ್ ಫ್ರೀಡ್ರೈಕ್ ಒಡಹುಟ್ಟಿದವರಲ್ಲಿ ಕಾಣುವ ಇಂತಹ ಒಂದು ವ್ಯಾಧಿಯನ್ನು ವಿವರಿಸಿದನು. ಅದರ ಮೂಲವಾದ ವಂಶವಾಹಿ ದೊರೆತದ್ದು 1996ರಲ್ಲಿ. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದು ದೋಷವನ್ನು ಗುಪ್ತವಾಗಿ ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲಿನ ಅಪಾಯವಿದೆ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ತಂದುಕೊಳ್ಳುವ ರೂಢಿಯುಳ್ಳ ನಮ್ಮ ಸೀಮೆ ಇದನ್ನು ಗಮನಿಸಬೇಕು. 1993ರಲ್ಲಿ ಅಮೆರಿಕೆಯ ಹ್ಯಾರಿ ಆರ್ ಮತ್ತು ಹುಡಾ ಜೋಗ್ಬಿ ಇನ್ನೊಂದು ಬಗೆಯ ಮೂಲವನ್ನು ಕಂಡುಹಿಡಿದಿದ್ದರು. ಅದರಲ್ಲಿ ತಂದೆ ಅಥವಾ ತಾಯಿಗೆ ರೋಗವಿದ್ದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅರ್ಧಪಾಲು ಅಪಾಯ.

ನಮ್ಮ ದೇಶದಲ್ಲಿಯೂ ಸಂಶೋಧನೆ ನಡೆದಿದೆ. 1999ರಲ್ಲಿ ಗುರುತಿಸಲಾದ ಹನ್ನೆರಡನೆಯ ಬಗೆಯು ಉತ್ತರ ಭಾರತದ ಅಗರವಾಲ ವ್ಯಾಪಾರಿ ಸಮಾಜದಲ್ಲಿ ಹೆಚ್ಚಾಗಿ ಇರುವುದನ್ನು ದೆಹಲಿಯ ವಿಜ್ಞಾನಿಗಳು ತೋರಿಸಿದರು. ಅದು ಸಾಮಾನ್ಯವಾಗಿ ಕೈನಡುಕದಿಂದ ಆರಂಭವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ದಕ್ಷಿಣ ಭಾರತದ ರೋಗಿಗಳಲ್ಲಿ ಒಂದು, ಎರಡು ಮತ್ತು ಮೂರನೆಯ ಬಗೆಗಳನ್ನು ಪರಿಶೀಲಿಸಿ 2007ರಲ್ಲಿ ವರದಿ ಮಾಡಿದರು. ತಮ್ಮ ಮನೆಯ ಸಂಗತಿಯನ್ನು ಬಿಚ್ಚಿ ಹೇಳಿದ ಕುಟುಂಬಗಳಿಲ್ಲದೆ ಈ ಜ್ಞಾನ ಸಾಧ್ಯವಾಗುತ್ತಿರಲಿಲ್ಲ.

ಬಗೆಯನ್ನು ತಿಳಿಯುವುದರಿಂದ ಲಾಭವೇನೆಂದು ಕೆಲವರು ಕೇಳಬಹುದು. ಉತ್ತರ ಮೂರು ಔಷಧಗಳಲ್ಲಿದೆ. ರಕ್ತದಲ್ಲಿ ಇ ಜೀವಸತ್ವವು ನಿಲ್ಲದೆ ಉಂಟಾಗುವ ಆನುವಂಶಿಕ ಅಟಾಕ್ಸಿಯಾದ ಕಾರಣ 1995ರಲ್ಲಿ ತಿಳಿಯಿತು. ಅದೇ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರೋಗದ ಮುನ್ನಡೆಯನ್ನು ತಡೆಯಬಹುದು. ಪೋಲ್‌ಜಿ ಎಂಬ ವಂಶವಾಹಿ ಕೆಟ್ಟಾಗ ಅಟಾಕ್ಸಿಯಾದ ಜೊತೆಗೆ ಮೂರ್ಛೆರೋಗವೂ ಬರಬಹುದು. ಮೂರ್ಛೆಗೆಂದು ಎಲ್ಲೆಡೆ ಕೊಡುವ ವ್ಯಾಲ್‌ಪ್ರೊಯೇಟ್ ಗುಳಿಗೆಯು ಇಂಥವರ ಯಕೃತ್ತನ್ನು ಕೆಡಿಸಿ ಮರಣಕ್ಕೂ ಕಾರಣವಾಗಬಹುದು. ಒಬ್ಬನಿಗೆ ಆಸರೆಯಾದ ಮದ್ದು ಮತ್ತೊಬ್ಬನಿಗೆ ವಿಷವಾಗುವುದು ಹೀಗೆ. ಇನ್ನು ಫ್ರೀಡ್ರೈಕ್ ವ್ಯಾಧಿಗೆ ಒಮಾವೆಲೊಕ್ಸೊಲೋನ್ ಎಂಬ ಔಷಧಕ್ಕೆ ಅಮೆರಿಕೆಯು 2023ರ ಫೆಬ್ರವರಿಯಲ್ಲಿ ಅನುಮತಿ ನೀಡಿತು. 103 ಜನರ ಮೇಲೆ 48 ವಾರ ನಡೆದ ಪ್ರಯೋಗವು ಅದಕ್ಕೆ ಆಧಾರ. ಅದು ರೋಗವನ್ನು ಗುಣಪಡಿಸುವುದಿಲ್ಲ, ನಿಧಾನಗೊಳಿಸುತ್ತದೆ; ಮೊದಲ ಮೂರು ತಿಂಗಳು ಪ್ರತಿ ತಿಂಗಳೂ ಯಕೃತ್ತಿನ ಪರೀಕ್ಷೆ ಅಗತ್ಯ. ಇದಕ್ಕೂ ಮೊದಲು, 2008ರಲ್ಲಿ, ಕೆನಡಾ ದೇಶವು ಐಡೆಬೆನೋನ್ ಎಂಬ ಔಷಧಕ್ಕೆ ಷರತ್ತಿನ ಅನುಮತಿ ಕೊಟ್ಟಿತ್ತು. ಪ್ರಯೋಜನ ಸಿದ್ಧವಾಗದ ಕಾರಣ 2013ರಲ್ಲಿ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಆಸೆ ಎಷ್ಟೇ ದೊಡ್ಡದಾದರೂ ಪುರಾವೆಯ ಸ್ಥಾನದಲ್ಲಿ ಅದು ನಿಲ್ಲಲಾರದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕುಟುಂಬಗಳು ಇದರಿಂದ ಕಲಿಯಬೇಕಾದದ್ದು ಇಷ್ಟು. ಅಂಗಡಿಯ ಖಾತೆಯನ್ನು ತಲೆಮಾರುಗಳವರೆಗೆ ಕಾಯ್ದಿಡುವ ನಾವು ಮನೆತನದ ಆರೋಗ್ಯದ ಖಾತೆಯನ್ನೂ ಬರೆದಿಡೋಣ: ಯಾರಿಗೆ, ಯಾವ ವಯಸ್ಸಿನಲ್ಲಿ, ಏನು ತೊಂದರೆ, ಯಾವ ಮದ್ದು ಒಗ್ಗಲಿಲ್ಲ ಎಂಬುದನ್ನು. ಮೀರಜಿಗೆ ಹೋಗಲಿ, ಬಾಗಲಕೋಟೆಗೆ ಹೋಗಲಿ, ಬೆಂಗಳೂರಿಗೇ ಹೋಗಲಿ, ಅದನ್ನು ವೈದ್ಯರ ಮುಂದಿಡಬೇಕು. ಔಷಧದಾನದ ಶಿಬಿರ ನಡೆಸುವ ಟ್ರಸ್ಟುಗಳು ಗುಳಿಗೆ ಕೊಡುವ ಮೊದಲು ಈ ಪ್ರಶ್ನೆಗಳನ್ನು ಕೇಳುವ ವ್ಯವಸ್ಥೆ ಮಾಡಬೇಕು. ಆದರೆ ಭಯಪಟ್ಟು ಯಾರೂ ನಡೆಯುತ್ತಿರುವ ಮೂರ್ಛೆಯ ಮದ್ದನ್ನು ತಾವಾಗಿ ನಿಲ್ಲಿಸಬಾರದು, ಅದೂ ಅಪಾಯಕರವೇ. ಮದ್ದಿನಿಂದ ತೊಂದರೆಯಾದರೆ ತಿಳಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮವಿದೆ. ಅದರ ಉಚಿತ ದೂರವಾಣಿ 1800-180-3024.

ರೋಗವು ಕುಲಕ್ಕೆ ಕಳಂಕವಲ್ಲ. ತಿಳಿದೂ ಮರೆಮಾಚಿ ಮುಂದಿನವರನ್ನು ಅಪಾಯಕ್ಕೆ ಒಡ್ಡುವುದು ಮಾತ್ರ ವಿವೇಕಿಗಳಿಗೆ ಒಪ್ಪುವ ಮಾತಲ್ಲ.