ಬಿಸಿಲ ನಾಡಿಗೆ ಎಂಥ ಕ್ಯಾಬಿನೆಟ್? ತಗಡಿನ ಪೆಟ್ಟಿಗೆಯಿಂದ ಜಾಲರಿಯವರೆಗೆ

ರಾಯಚೂರು, ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಲಕ್ಷ ರೂಪಾಯಿ ದಾಟಿದ ಡೆಸ್ಕ್‌ಟಾಪ್ ಕಂಪ್ಯೂಟರ್ ಯಾರಿಗೆ ಬೇಕು ಎಂದು ಕೇಳುವವರು ಇಲ್ಲಿಯ ಫೋಟೊ ಸ್ಟುಡಿಯೊಗಳ ಒಳಕೋಣೆ ನೋಡಿರಲಿಕ್ಕಿಲ್ಲ. ಮದುವೆಯ 4ಕೆ ವಿಡಿಯೊ, ಆಲ್ಬಂ ಡಿಸೈನ್, ಜಾನಪದ ಹಾಡುಗಳ ಯೂಟ್ಯೂಬ್ ಚಿತ್ರೀಕರಣ, ಮನೆ ಕಟ್ಟುವವರಿಗೆ ತೋರಿಸುವ ತ್ರೀ-ಡಿ ನಕ್ಷೆ, ಎಲ್ಲವೂ ಈಗ ಊರಲ್ಲೇ ತಯಾರಾಗುತ್ತವೆ. ರಾಯಚೂರಿಗೆ ಟ್ರಿಪಲ್ ಐಟಿ ಬಂದ ಮೇಲೆ ಗ್ರಾಫಿಕ್ ಕಾರ್ಡ್ ಹಾಕಿಕೊಂಡು ಕೃತಕ ಬುದ್ಧಿಮತ್ತೆಯ ಪಾಠ ಕಲಿಯುವ ಹುಡುಗ ಹುಡುಗಿಯರೂ ಸೇರಿಕೊಂಡಿದ್ದಾರೆ. ಇವರೆಲ್ಲರ ಯಂತ್ರಗಳಿಗೆ ಒಂದು ಸಮಾನ ಕಷ್ಟ ಇದೆ. ಮದುವೆ ಮುಹೂರ್ತಗಳು ಸಾಲುಗಟ್ಟುವ ಏಪ್ರಿಲ್, ಮೇ ತಿಂಗಳಲ್ಲೇ ಇಲ್ಲಿಯ ಉಷ್ಣಾಂಶವೂ 40 ಡಿಗ್ರಿ ದಾಟುತ್ತದೆ. ಕೆಲಸದ ಹೊರೆ, ಬಿಸಿಲು ಎರಡೂ ಒಟ್ಟಿಗೇ ಮೈಮೇಲೆ ಬೀಳುತ್ತವೆ.

ಆದರೂ ಯಂತ್ರ ಕಟ್ಟಿಸುವಾಗ ಪ್ರೊಸೆಸರ್, ಗ್ರಾಫಿಕ್ ಕಾರ್ಡ್, ರ್‍ಯಾಮ್ ಎಲ್ಲ ಲೆಕ್ಕ ಹಾಕಿ, ಉಳಿದ ದುಡ್ಡಿನಲ್ಲಿ ಇವನ್ನೆಲ್ಲ ಒಳಗಿಟ್ಟುಕೊಳ್ಳುವ ಕ್ಯಾಬಿನೆಟ್ ತೆಗೆದುಕೊಳ್ಳುವುದೇ ರೂಢಿ. ಈ ರೂಢಿ ಹೇಗೆ ಬಂತು, ಅದು ನಮ್ಮ ಭಾಗಕ್ಕೆ ಯಾಕೆ ಹೊಂದುವುದಿಲ್ಲ ಎಂದು ತಿಳಿಯಲು ಕ್ಯಾಬಿನೆಟ್ಟಿನ ನಲವತ್ತು ವರ್ಷಗಳ ನಡಿಗೆಯನ್ನು ನೋಡಬೇಕು.

1981ರಲ್ಲಿ ಐಬಿಎಂ ತಂದ ಪಿಸಿಯದು ಮೇಜಿನ ಮೇಲೆ ಅಡ್ಡ ಮಲಗುವ ಉಕ್ಕಿನ ಪೆಟ್ಟಿಗೆ. ಅದರ ಮೇಲೆಯೇ ಮಾನಿಟರ್. ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಅದರ ಎಸ್‌ಎಂಪಿಎಸ್ ಬರೀ 63.5 ವ್ಯಾಟ್. ಅಷ್ಟು ಕಡಿಮೆ ವಿದ್ಯುತ್ತಿನಲ್ಲಿ ಶಾಖದ ಮಾತೇ ಬರುತ್ತಿರಲಿಲ್ಲ. ಎಸ್‌ಎಂಪಿಎಸ್ ಒಳಗಿನ ಒಂದು ಫ್ಯಾನ್ ಇಡೀ ಪೆಟ್ಟಿಗೆಗೆ ಸಾಕಾಗುತ್ತಿತ್ತು. ಮುಂದೆ ಪೆಟ್ಟಿಗೆ ಎದ್ದು ನಿಂತು ಟವರ್ ಆಯಿತು, ಬಣ್ಣ ಮಾತ್ರ ಅದೇ ಮಾಸಲು ಬಿಳಿ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು: ಮದರ್‌ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೂವತ್ತು ವರ್ಷ ಕಳೆದರೂ ಆ ಅಳತೆ ಬದಲಾಗಿಲ್ಲ. ಒಳ್ಳೆಯ ಕ್ಯಾಬಿನೆಟ್ಟಿಗೆ ದುಡ್ಡು ಹಾಕಬೇಕು ಎನ್ನುವುದಕ್ಕೆ ನನ್ನ ದೊಡ್ಡ ಆಧಾರ ಇದೇ. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಗ್ರಾಫಿಕ್ ಕಾರ್ಡ್ ಇನ್ನೂ ಬೇಗ. ಕ್ಯಾಬಿನೆಟ್ ಎರಡು ಮೂರು ಯಂತ್ರಗಳ ಆಯುಷ್ಯ ಬಾಳುತ್ತದೆ.

ನಮ್ಮ ಭಾಗದ ತಾಲ್ಲೂಕು ಊರುಗಳಲ್ಲಿ ಜನಸಾಮಾನ್ಯರು ಕಂಪ್ಯೂಟರನ್ನು ಕೆಲಸದ ವಸ್ತುವಾಗಿ ಕಂಡದ್ದು 2000ದ ಆಚೀಚೆ. ಭೂಮಿ ಯೋಜನೆಯಡಿ ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲೂ ಪಹಣಿ ಕಂಪ್ಯೂಟರಿಗೆ ಏರಿತು. ಮಾನ್ವಿ, ದೇವದುರ್ಗದ ರೈತರು ಕಿಟಕಿಯ ಮುಂದೆ ನಿಂತು ಪ್ರಿಂಟ್ ಪಡೆದರು. ಡಿಟಿಪಿ ಅಂಗಡಿಗಳು ಬಂದವು, ನುಡಿ, ಬರಹ ತಂತ್ರಾಂಶಗಳು ಬಂದವು, ಆಮೇಲೆ ಫ್ಲೆಕ್ಸ್. ಆ ಕಾಲದ ಅಸೆಂಬಲ್ಡ್ ಯಂತ್ರಗಳಲ್ಲಿ ಕ್ಯಾಬಿನೆಟ್ಟೂ ಎಸ್‌ಎಂಪಿಎಸ್ಸೂ ಸೇರಿ ಒಂದೇ ದರ. ಒಳಗೆ ಕೈ ಹಾಕಿದರೆ ತಗಡಿನ ಅಂಚು ಬೆರಳು ಕೊಯ್ಯುತ್ತಿತ್ತು. ಅಕ್ಷರ ಜೋಡಿಸುವ ಕೆಲಸಕ್ಕೆ ಅದು ಸಾಕಿತ್ತು ಕೂಡ. ಕ್ಯಾಬಿನೆಟ್ಟಿಗೆ ಉಳಿದ ದುಡ್ಡು ಎನ್ನುವ ರೂಢಿ ಬೇರು ಬಿಟ್ಟದ್ದು ಆಗಲೇ.

ಅದೇ ಹೊತ್ತಿಗೆ ಹೊರಗಿನ ಜಗತ್ತಿನಲ್ಲಿ ಶಾಖದ ತಕರಾರು ಶುರುವಾಗಿತ್ತು. 2004ರ ಪೆಂಟಿಯಂ 4 ಪ್ರೊಸೆಸರುಗಳಲ್ಲಿ ಕೆಲವು ನೂರು ವ್ಯಾಟ್ ದಾಟಿದವು. ಎಡಬದಿಯ ತಗಡಿಗೆ ತೂತು ಕೊರೆದು, ಒಳಗೆ ಪ್ರೊಸೆಸರಿನ ತಲೆಯವರೆಗೆ ಒಂದು ಪ್ಲಾಸ್ಟಿಕ್ ಕೊಳವೆ ಇಟ್ಟ ಕ್ಯಾಬಿನೆಟ್ಟುಗಳು ನಮ್ಮ ಅಂಗಡಿಗಳಿಗೂ ಬಂದದ್ದು ಹಲವರಿಗೆ ನೆನಪಿರಬಹುದು. ಅದು ಇಂಟೆಲ್ ಹಾಕಿಕೊಟ್ಟ ಮಾದರಿ. ಕೋಣೆಯ ಗಾಳಿ 35 ಡಿಗ್ರಿ ಇದ್ದಾಗ ಪ್ರೊಸೆಸರಿನ ಫ್ಯಾನಿಗೆ ಹೋಗುವ ಗಾಳಿ 38 ಡಿಗ್ರಿ ದಾಟಬಾರದು ಎಂಬುದು ಅದರ ಗುರಿ. ರಾಯಚೂರಿನಲ್ಲಿ ಕುಳಿತು ಓದುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು. ಆರ್‌ಸಿಸಿ ಚಾವಣಿಯ ಕೆಳಗೆ, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕ್ಯಾಬಿನೆಟ್ಟಿನ ಹೊರಗೇ 38 ಡಿಗ್ರಿ ಇರುತ್ತದೆ. ಅಂದರೆ ಅವರು ಒಳಗಿನ ಕೊನೆಯ ಮಿತಿ ಎಂದು ಇಟ್ಟುಕೊಂಡದ್ದು ನಮಗೆ ಹೊರಗಿನ ಆರಂಭ.

2004ರಲ್ಲೇ ಇಂಟೆಲ್ ಇದೇ ಶಾಖದ ತಕರಾರಿಗೆ ಬಿಟಿಎಕ್ಸ್ ಎಂಬ ಹೊಸ ವಿನ್ಯಾಸವನ್ನೂ ತಂದಿತು. ಎರಡು ಮೂರು ವರ್ಷದಲ್ಲಿ ಅದು ನಿಂತುಹೋಯಿತು. ಪೆಟ್ಟಿಗೆ ತಯಾರಕರು ತಾವೇ ದಾರಿ ಹುಡುಕಿದರು. 2005ರಲ್ಲಿ ಆಂಟೆಕ್ ಪಿ180 ಎಸ್‌ಎಂಪಿಎಸ್ಸನ್ನು ಮೇಲಿನಿಂದ ತಳಕ್ಕೆ ಇಳಿಸಿ ಅದಕ್ಕೆ ಬೇರೆ ಕೋಣೆ ಮಾಡಿತು. ಇಂದಿನ ಬಹುಪಾಲು ಕ್ಯಾಬಿನೆಟ್ಟುಗಳು ನಡೆಯುತ್ತಿರುವುದು ಇದೇ ದಾರಿಯಲ್ಲಿ. 2008ರಲ್ಲಿ ಕೂಲರ್ ಮಾಸ್ಟರ್ ಹ್ಯಾಫ್ 932 ಬಂದಾಗ ಅದರಲ್ಲಿ 230 ಮಿ.ಮೀ. ಅಗಲದ ಫ್ಯಾನುಗಳಿದ್ದವು. ಸಿಲ್ವರ್‌ಸ್ಟೋನ್ ಕಂಪನಿ ರೇವನ್ ಮಾದರಿಯಲ್ಲಿ ಮದರ್‌ಬೋರ್ಡನ್ನೇ ತೊಂಬತ್ತು ಡಿಗ್ರಿ ತಿರುಗಿಸಿ, ತಳದಿಂದ ಗಾಳಿ ಎಳೆದು ತಲೆಯಿಂದ ಬಿಟ್ಟಿತು. ನನಗೆ ಈ ಐದಾರು ವರ್ಷಗಳೇ ಕ್ಯಾಬಿನೆಟ್ ವಿನ್ಯಾಸದ ಅತ್ಯಂತ ಪ್ರಾಮಾಣಿಕ ಕಾಲ ಅನ್ನಿಸುತ್ತದೆ. ಚಂದಕ್ಕಿಂತ ಗಾಳಿಯ ಬಗ್ಗೆ ಹೆಚ್ಚು ಯೋಚಿಸುತ್ತಿದ್ದರು.

ಆಮೇಲೆ ಸದ್ದಿಲ್ಲದ ಯಂತ್ರದ ಆಸೆ ಬಂತು, ಮುಂಭಾಗಕ್ಕೆ ಫೋಮ್ ಅಂಟಿಸಿದ ಗಟ್ಟಿ ಬಾಗಿಲು ಬಂತು. 2014ರ ಎನ್‌ಜೆಡ್‌ಎಕ್ಸ್‌ಟಿ ಎಚ್440 ಸಿಡಿ ಡ್ರೈವಿನ ಜಾಗವನ್ನೇ ತೆಗೆದುಹಾಕಿತು. ಹೀಗೆ ಖಾಲಿಯಾದ ಮುಂಭಾಗದ ಜಾಗವನ್ನು ಗಾಳಿಗೆ ಕೊಡಬೇಕಿತ್ತು. ಬಹಳ ಕಂಪನಿಗಳು ಗಾಜಿಗೆ ಕೊಟ್ಟವು. 2016ರಿಂದ ಟೆಂಪರ್ಡ್ ಗಾಜಿನ ಅಲೆ ಎದ್ದಿತು. 2018ರ ಲಿಯಾನ್ ಲಿ ಒ11 ಡೈನಾಮಿಕ್ ಮುಂದೆಯೂ ಬದಿಗೂ ಗಾಜು ಹಚ್ಚಿ, ಗಾಳಿಯನ್ನು ಬಲಬದಿ ಮತ್ತು ತಳದಿಂದ ತೆಗೆದುಕೊಂಡಿತು. ಆ ಮಾದರಿಯಲ್ಲಿ ಗಾಳಿಯ ಲೆಕ್ಕ ಸರಿಯಾಗಿತ್ತು. ಅದನ್ನು ನೋಡಿ ಅಗ್ಗದ ದರದಲ್ಲಿ ಮಾಡಿದ ಎಷ್ಟೋ ಪೆಟ್ಟಿಗೆಗಳಲ್ಲಿ ಗಾಜು ಬಂತು, ಬಣ್ಣದ ದೀಪ ಬಂತು, ಗಾಳಿಗೆ ಅಂಚಿನಲ್ಲಿ ಬೆರಳಗಲದ ಸಂದಿ ಉಳಿಯಿತು. ನಮ್ಮ ಭಾಗಕ್ಕೆ ಹೆಚ್ಚು ಬಂದು ಬಿದ್ದದ್ದು ಇವೇ.

ಮಾನ್ವಿಯ ಒಂದು ಸ್ಟುಡಿಯೊದಲ್ಲಿ ಅಂಥದೊಂದನ್ನು ಬಿಚ್ಚಿದಾಗ ನೋಡಿದ್ದೇನೆ. ಮುಂಭಾಗದ ಗಾಜು ತೆಗೆದರೆ ಮೂರು ಫ್ಯಾನು, ಅವುಗಳ ರೆಕ್ಕೆಯ ಅಂಚಿಗೆ ಕಪ್ಪು ಗೀಟು. ತಳದ ಜಾಲರಿಯನ್ನು ಎಳೆದರೆ ದೂಳು ಕಂಬಳಿಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು: ಎರೆಮಣ್ಣಿನ ಹುಡಿ, ಹತ್ತಿಯ ಎಳೆ, ರೈಸ್ ಮಿಲ್ಲಿನ ಹೊಟ್ಟಿನ ಚೂರು, ಕೂದಲು. ಎಸ್‌ಎಂಪಿಎಸ್ ಮೂಲೆಯಲ್ಲಿ ಒಣಗಿದ ಹಲ್ಲಿ. ರಿಪೇರಿಗೆ ಬಂದಿದ್ದ ಹುಡುಗ ಮಾಲೀಕರಿಗೆ ಹೇಳಿದ್ದು: "ಅಣ್ಣಾ, ಲೈಟ್ ಚಂದ ಅದಾವ ಖರೆ, ಗಾಳಿ ಒಳಗ ಹೋಗಾಕ ಜಾಗಾನ ಇಲ್ಲ ನೋಡ್ರಿ. ಕಾರ್ಡಿಂದು ತಪ್ಪಿಲ್ಲ."

ಇಲ್ಲಿಯ ದೂಳಿಗೆ ಊರೂರಿಗೆ ಒಂದೊಂದು ಗುಣ. ರಾಯಚೂರು ನಗರಕ್ಕೆ ಜಿನ್ನಿಂಗ್ ಕಾರ್ಖಾನೆಗಳ ಹತ್ತಿ ನಾರು. 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ಶಕ್ತಿನಗರದ ವಿದ್ಯುತ್ ಸ್ಥಾವರದ ಆಸುಪಾಸಿನಲ್ಲಿ ನುಣ್ಣನೆಯ ಹಾರುಬೂದಿ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಕಡೆ ಭತ್ತದ ಹೊಟ್ಟು. ದೇವದುರ್ಗದ ರಸ್ತೆಗಳಲ್ಲಿ ಬೇಸಿಗೆಯ ಎರೆಹುಡಿ. ನಾರು ಜಾಲರಿಯಲ್ಲಿ ಸಿಕ್ಕಿಬೀಳುತ್ತದೆ, ಬೂದಿ ಅದನ್ನು ದಾಟಿಕೊಂಡು ಹೋಗುತ್ತದೆ. ಇದರ ಮೇಲೆ ಮನೆಮನೆಯ ಏರ್‌ಕೂಲರ್. ಅದರ ತೇವದ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬಡಿದರೆ ದೂಳು ಹೀಟ್‌ಸಿಂಕಿನ ಸಂದಿಗಳಲ್ಲಿ ಕೆಸರಿನಂತೆ ಮೆತ್ತಿ ಒಣಗುತ್ತದೆ. ಬ್ಲೋವರ್ ಹಿಡಿದರೂ ಬಿಡುವುದಿಲ್ಲ. ಕೂಲರ್ ಮನುಷ್ಯರ ಕಡೆ ಇರಲಿ, ಯಂತ್ರದ ಕಡೆ ಬೇಡ.

ಜಾಲರಿ ಮುಖದ ಕ್ಯಾಬಿನೆಟ್ಟುಗಳು ಮತ್ತೆ ಮುಂದೆ ಬಂದದ್ದು ನಮ್ಮ ಪುಣ್ಯ. 2017ರಲ್ಲಿ ಫ್ರ್ಯಾಕ್ಟಲ್ ಮೆಶಿಫೈ ಸಿ, 2020ರಲ್ಲಿ ಕೋರ್ಸೇರ್ 4000ಡಿ ಏರ್‌ಫ್ಲೋ, 2021ರಲ್ಲಿ ಫ್ರ್ಯಾಕ್ಟಲ್ ಟೊರೆಂಟ್, ಜೊತೆಗೆ ಲಿಯಾನ್ ಲಿಯ ಲ್ಯಾನ್‌ಕೂಲ್ ಸಾಲು. ಟೊರೆಂಟಿನ ಮುಂಭಾಗದಲ್ಲಿ 180 ಮಿ.ಮೀ. ಅಗಲದ ಎರಡು ದಪ್ಪ ಫ್ಯಾನು, ತಳದಲ್ಲಿ ಇನ್ನೂ ಮೂರು. ಎಸ್‌ಎಂಪಿಎಸ್ ಮತ್ತೆ ತಲೆಯ ಮೇಲೆ. ಇಷ್ಟು ಗಾಳಿ ಯಾಕೆ ಬೇಕೆಂದು ಲೆಕ್ಕ ಹಾಕಬಹುದು. ಆರ್‌ಟಿಎಕ್ಸ್ 4090 ಗ್ರಾಫಿಕ್ ಕಾರ್ಡ್ ಒಂದೇ 450 ವ್ಯಾಟ್. ಪ್ರೊಸೆಸರ್ ಸೇರಿ 600 ವ್ಯಾಟ್ ಶಾಖ ಹೊರಹೋಗಬೇಕು ಎಂದುಕೊಳ್ಳಿ. ಒಳಗಿನ ಗಾಳಿ ಹೊರಗಿಗಿಂತ ಹತ್ತೇ ಡಿಗ್ರಿ ಹೆಚ್ಚಾಗಬೇಕಾದರೆ ಸೆಕೆಂಡಿಗೆ ಐವತ್ತು ಲೀಟರಿಗಿಂತ ಹೆಚ್ಚು ಗಾಳಿ ಹಾಯಬೇಕು. ಬೆಂಗಳೂರಿನ 28 ಡಿಗ್ರಿ ಕೋಣೆಯಲ್ಲಿ ಆ ಹತ್ತು ಸೇರಿದರೆ 38. ನಮ್ಮಲ್ಲಿ 48, ಮತ್ತು ಕಾರ್ಡಿನ ಫ್ಯಾನುಗಳು ಎಳೆದುಕೊಳ್ಳುವುದು ಆ ಗಾಳಿಯನ್ನೇ. ಬೆರಳಗಲದ ಸಂದಿಯಿಂದ ಈ ಕೆಲಸ ಆಗುವುದಿಲ್ಲ.

ಆಯ್ಕೆಗೆ ಬಂದರೆ, ಮೊದಲು ನೋಡಬೇಕಾದದ್ದು ಮುಂಭಾಗ ಪೂರ್ತಿ ಜಾಲರಿಯೇ ಎಂದು. ಎರಡನೆಯದು, ಒಳಗೆ ಗಾಳಿ ತರುವ ಫ್ಯಾನುಗಳು ಹೊರಹಾಕುವುದಕ್ಕಿಂತ ಹೆಚ್ಚಿರಬೇಕು. ಮುಂದೆ ಮೂರು, ಹಿಂದೆ ಒಂದು ಸಾಕು. ಆಗ ಒಳಗಿನ ಒತ್ತಡ ತುಸು ಹೆಚ್ಚಿ, ಸಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ, ದೂಳು ಬರಬೇಕಾದರೆ ಜಾಲರಿಯ ಮೂಲಕವೇ ಬರಬೇಕು. ಆ ಜಾಲರಿಯನ್ನು ಯಂತ್ರ ಅಲುಗಿಸದೆ ಎಳೆದು ತೊಳೆಯಲು ಬರಬೇಕು. ತಳದ ಜಾಲರಿ ಹಿಂಬದಿಯಿಂದ ಮಾತ್ರ ಹೊರಬರುವ ಮಾದರಿಗಳಿವೆ. ಗೋಡೆಗೆ ಒತ್ತಿಟ್ಟ ಮೇಜಿನಲ್ಲಿ ಅವನ್ನು ಯಾರೂ ತೊಳೆಯುವುದಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕಾದ ವಸ್ತು ಅದು. ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸುವ ಅಭ್ಯಾಸ ಬಿಡಿ, ಆ ಗಾಳಿಯಲ್ಲಿ ನೀರು, ಆಯಿಲ್ ಎರಡೂ ಇರುತ್ತವೆ.

ಕಾರ್ಡಿನ ಉದ್ದವನ್ನು ಅಳೆದೇ ಕೊಳ್ಳಬೇಕು. ಎನ್ವಿಡಿಯಾದ ಸ್ವಂತ 4090 ಕಾರ್ಡೇ 304 ಮಿ.ಮೀ.; ಬೇರೆ ಕಂಪನಿಗಳವು ಇನ್ನೂ ಉದ್ದ. ಹೊಸ ಮದರ್‌ಬೋರ್ಡುಗಳಲ್ಲಿ ಕೇಬಲ್ ಹಿಂಬದಿಗೆ ಚುಚ್ಚುವ ಮಾದರಿ ಬಂದಿದೆ, ಅದಕ್ಕೆ ಹೊಂದುವ ತೂತುಗಳು ಎಲ್ಲ ಕ್ಯಾಬಿನೆಟ್ಟಿನಲ್ಲಿ ಇರುವುದಿಲ್ಲ. ಬದಿಯ ಗಾಜು ಇರಲಿ, ತೊಂದರೆಯಿಲ್ಲ. ಆದರೆ ಬಿಚ್ಚಿದ ಗಾಜನ್ನು ಟೈಲ್ಸ್ ಮೇಲೋ ಶಹಾಬಾದ್ ಬಂಡೆಯ ಮೇಲೋ ಅಂಚು ತಾಗುವಂತೆ ನಿಲ್ಲಿಸಬೇಡಿ, ಕ್ಷಣದಲ್ಲಿ ಪುಡಿಯಾಗುತ್ತದೆ. ಕ್ಯಾಬಿನೆಟ್ಟನ್ನು ನೆಲದಿಂದ ಒಂದು ಅಡಿ ಎತ್ತರಕ್ಕೆ ಇಡಿ, ಕಸ ಗುಡಿಸುವಾಗ ಏಳುವ ದೂಳು ಎಷ್ಟೋ ಅಲ್ಲೇ ತಪ್ಪುತ್ತದೆ. ಎಸ್‌ಎಂಪಿಎಸ್ ಕೊಳ್ಳುವಾಗ 80 ಪ್ಲಸ್ ಚೀಟಿ ಒಂದನ್ನೇ ನಂಬಬೇಡಿ. ಆ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ. 50 ಡಿಗ್ರಿಯಲ್ಲಿ ಪೂರ್ತಿ ವ್ಯಾಟ್ ಕೊಡುತ್ತೇವೆ ಎಂದು ಬರೆದುಕೊಟ್ಟದ್ದನ್ನು ಕೇಳಿ ತೆಗೆದುಕೊಳ್ಳಿ.

ರಾಯಚೂರಿನ ಅಂಗಡಿಗಳಲ್ಲಿ ಹತ್ತು ಸಾವಿರ ದಾಟಿದ ಕ್ಯಾಬಿನೆಟ್ಟನ್ನು ಬಿಚ್ಚಿ, ಮುಟ್ಟಿ ನೋಡುವ ಅವಕಾಶ ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ನಮಗೆ ಹತ್ತಿರ; ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರಬಹುದು. ಆನ್‌ಲೈನಿನಲ್ಲಿ ತರಿಸಿದರೆ ಗಾಜು ಒಡೆದು ಬರುವ ಭಯ, ವಾಪಸು ಕಳಿಸುವ ತಾಪತ್ರಯ. ನಮ್ಮ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ದೀಪದ ಪೆಟ್ಟಿಗೆಗಳ ಸಾಲಿನಲ್ಲಿ ಜಾಲರಿಯ ಒಂದು ಒಳ್ಳೆಯ ಕ್ಯಾಬಿನೆಟ್ಟನ್ನೂ ತೆರೆದಿಡಿ, ಗಿರಾಕಿ ಅಂಗೈ ಇಟ್ಟು ಗಾಳಿ ನೋಡಲಿ.

ಇನ್ನು ಒಂದು ಮಾತು ಕೊಳ್ಳುವವರಿಗೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂಬ ದೂರು ಮೂರೂ ಊರುಗಳಲ್ಲಿ ಸಾಮಾನ್ಯ. ಅದಕ್ಕೆ ಕಾರಣ ಬಹುಮಟ್ಟಿಗೆ ಕಟ್ಟಡದ ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸೋರುವ ಸಣ್ಣ ಪ್ರವಾಹವನ್ನು ಲೋಹದ ಮೈಗೆ ಬಿಡುತ್ತವೆ. ಅರ್ಥ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಗೆ. ಎಷ್ಟೇ ದುಬಾರಿ ಕ್ಯಾಬಿನೆಟ್ ತಂದರೂ ಇದು ಹೋಗುವುದಿಲ್ಲ. ಆರ್ಡರ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಫೇಸಿಗೂ ಅರ್ಥಿಗೂ ನಡುವೆ ವೋಲ್ಟೇಜ್ ಅಳೆಸಿ, ನ್ಯೂಟ್ರಲ್‌ಗೂ ಅರ್ಥಿಗೂ ನಡುವೆಯೂ ಅಳೆಸಿ. ಅರ್ಥ್ ಗುಂಡಿ ಒಣಗಿದ್ದರೆ ಬೇಸಿಗೆ ಶುರುವಾಗುವ ಮೊದಲೇ ನೀರು ಹಾಕಿಸಿ.